ಜಂಕ್ಷನ್‌ನಲ್ಲಿ ಉಳಿದವರು, ರಾತ್ರಿ ಹೊರಟವರು

1954ರ ಸೆಪ್ಟೆಂಬರ್. ಅಮೆರಿಕದ ಟೆಕ್ಸಾಸ್ ಎ ಆ್ಯಂಡ್ ಎಂ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಹೊಸ ಕೋಚ್ ಬಂದಿದ್ದರು. ವಯಸ್ಸು ನಲವತ್ತು. ಸೀಸನ್ ಶುರುವಾಗುವ ಮುಂಚೆ ಸುಮಾರು ನೂರು ಹುಡುಗರನ್ನು ಬಸ್ಸುಗಳಲ್ಲಿ ಕೂರಿಸಿಕೊಂಡು, 400 ಕಿಲೋಮೀಟರ್ ಆಸುಪಾಸಿನ ದೂರದಲ್ಲಿದ್ದ ಜಂಕ್ಷನ್ ಎಂಬ ಪುಟ್ಟ ಊರಿಗೆ ಕರೆದುಕೊಂಡು ಹೋದರು. ಹತ್ತು ದಿನದ ಪ್ರಾಕ್ಟೀಸ್ ಕ್ಯಾಂಪ್. ಮುಗಿಯುವಾಗ ಉಳಿದಿದ್ದವರು ಮೂರನೇ ಒಂದು ಪಾಲಿನಷ್ಟು ಹುಡುಗರು ಮಾತ್ರ. ಮಿಕ್ಕವರು ಮಧ್ಯದಲ್ಲೇ ಗಂಟುಮೂಟೆ ಕಟ್ಟಿದ್ದರು.

ಆ ಕೋಚ್ ಹೆಸರು ಪಾಲ್ ಬ್ರಯಂಟ್. ಅಮೆರಿಕದಲ್ಲಿ ಇವರನ್ನು ಎಲ್ಲರೂ ಬೇರ್ ಬ್ರಯಂಟ್ ಅಂತಲೇ ಕರೆಯುವುದು, ಅಂದರೆ ಕರಡಿ ಬ್ರಯಂಟ್. ಜಂಕ್ಷನ್ ಕ್ಯಾಂಪಿನ ಮೇಲೆ 2002ರಲ್ಲಿ ಟಿವಿ ಸಿನಿಮಾ ಕೂಡ ಬಂದಿದೆ. ಹಾಸ್ಟೆಲ್ ರೂಮಿನಲ್ಲಿ ಅದನ್ನು ನೋಡಿದ ಮೇಲೆ ನಾನು ಈ ಮನುಷ್ಯನ ಬಗ್ಗೆ ಓದುತ್ತಾ ಹೋದೆ. ಇಂಟರ್ನಲ್ಸ್ ಹತ್ತಿರ ಇದ್ದಾಗಲೇ ಇಂಥ ಆಸಕ್ತಿಗಳು ಯಾಕೆ ಹುಟ್ಟುತ್ತವೋ ಗೊತ್ತಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಮೆಸ್ಸಿ, ಸುನಿಲ್ ಚೆಟ್ರಿ ಆಡುವ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡು, ತಲೆಗೆ ಹೆಲ್ಮೆಟ್, ಭುಜಕ್ಕೆ ಪ್ಯಾಡ್, ಮೈಗೆ ಮೈ ಗುದ್ದಿ ಆಡುವ ಅಮೆರಿಕನ್ ಫುಟ್‌ಬಾಲ್. ಅಲ್ಲಿ ಕಾಲೇಜು ತಂಡದ ಮ್ಯಾಚಿಗೆ ನಮ್ಮಲ್ಲಿ ಐಪಿಎಲ್‌ಗೆ ಸೇರುವಷ್ಟು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಜನ ಸೇರುತ್ತಾರೆ. ಒಳ್ಳೆಯ ಆಟಗಾರನಿಗೆ ಸ್ಕಾಲರ್‌ಶಿಪ್ ಸಿಗುತ್ತದೆ. ಎಷ್ಟೋ ಬಡ ಮನೆಯ ಹುಡುಗರು ಡಿಗ್ರಿ ಮಾಡಿದ್ದೇ ಆ ದುಡ್ಡಿನಲ್ಲಿ. ಹಾಗಾಗಿ ತಂಡ ಬಿಡುವುದು ಅಂದರೆ ಆಟವನ್ನಷ್ಟೇ ಬಿಟ್ಟಂತಲ್ಲ.

ಬ್ರಯಂಟ್ ಕೂಡ ಅಂಥದೇ ಬಡ ಮನೆಯ ಹುಡುಗ. 1913ರ ಸೆಪ್ಟೆಂಬರ್ 11ರಂದು ಆರ್ಕನ್ಸಾ ರಾಜ್ಯದ ಒಂದು ಹಳ್ಳಿಯಲ್ಲಿ ಹುಟ್ಟಿದರು. ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವರು. ತಂದೆಗೆ ಸದಾ ಅನಾರೋಗ್ಯ, ಸಂಸಾರ ತೂಗಿಸುತ್ತಿದ್ದವರು ತಾಯಿ. ಹೇಸರಗತ್ತೆ ಕಟ್ಟಿದ ಗಾಡಿಯಲ್ಲಿ ಬೆಳೆದದ್ದನ್ನು ಹೇರಿಕೊಂಡು ತಾಯಿ ಮಗ ಪೇಟೆಯ ಬೀದಿ ಬೀದಿ ಸುತ್ತಿ ಮಾರುತ್ತಿದ್ದರು. ಹದಿಹರೆಯದಲ್ಲಿ ಊರಿಗೆ ಒಂದು ಕರಡಿ ಕುಸ್ತಿಯ ಪ್ರದರ್ಶನ ಬಂತು. ಕರಡಿಯ ಜೊತೆ ಸೆಣಸಿದವರಿಗೆ ನಿಮಿಷಕ್ಕೆ ಒಂದು ಡಾಲರ್. ಹುಡುಗ ಅಖಾಡಕ್ಕೆ ಇಳಿದ. ಕರಡಿಯ ಬಾಯಿಗೆ ಕಟ್ಟಿದ್ದ ಪಟ್ಟಿ ಬಿಚ್ಚಿಕೊಂಡು ಕಿವಿಗೆ ಗಾಯವಾಯಿತು. ದುಡ್ಡು ಇಸಿದುಕೊಳ್ಳಲು ಹೋದರೆ ಪ್ರದರ್ಶನದವನು ಊರು ಬಿಟ್ಟಾಗಿತ್ತು. ಹುಡುಗನಿಗೆ ಮಿಕ್ಕಿದ್ದು ಆ ಅಡ್ಡಹೆಸರು ಒಂದೇ.

1931ರಲ್ಲಿ ಅಲಬಾಮಾ ವಿಶ್ವವಿದ್ಯಾಲಯಕ್ಕೆ ಸೇರಿಸಿದ್ದು ಫುಟ್‌ಬಾಲ್. ಅಲ್ಲಿ ಡಾನ್ ಹಟ್ಸನ್ ಎಂಬ ಮಹಾನ್ ಆಟಗಾರ ಒಂದು ತುದಿಯಲ್ಲಿ, ಬ್ರಯಂಟ್ ಇನ್ನೊಂದು ತುದಿಯಲ್ಲಿ. ಹೊಗಳಿಕೆಯೆಲ್ಲ ಹಟ್ಸನ್‌ಗೆ. 1935ರಲ್ಲಿ ಕಾಲಿನ ಮೂಳೆ ಮುರಿದಿದ್ದರೂ ಟೆನೆಸ್ಸಿ ವಿರುದ್ಧ ಆಡಿದರು. ಇದನ್ನು ಓದಿದಾಗ ನನಗೆ ಜಂಕ್ಷನ್ ಅರ್ಧ ಅರ್ಥವಾಯಿತು. ತಾನು ಮುರಿದ ಕಾಲಲ್ಲಿ ಆಡಿದವನಿಗೆ ಇನ್ನೊಬ್ಬನ ನೋವು ಸಣ್ಣದಾಗಿಯೇ ಕಾಣುತ್ತದೆ.

ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯ ಕೆಲಸ ಮುಗಿಸಿ 1945ರಲ್ಲಿ ಮೇರಿಲ್ಯಾಂಡ್‌ನಲ್ಲಿ ಮುಖ್ಯ ಕೋಚ್ ಆದರು. ತಾವು ಹೊರಗಿಟ್ಟ ಆಟಗಾರನನ್ನು ವಿಶ್ವವಿದ್ಯಾಲಯದ ಅಧ್ಯಕ್ಷರು ವಾಪಸ್ ಸೇರಿಸಿಕೊಂಡರು ಅಂತ ಒಂದೇ ವರ್ಷಕ್ಕೆ ಬಿಟ್ಟರು. ಆಮೇಲೆ ಎಂಟು ಸೀಸನ್ ಕೆಂಟಕಿಯಲ್ಲಿ. ಅಲ್ಲಿ ಫುಟ್‌ಬಾಲ್ ಎಷ್ಟು ಗೆದ್ದರೂ ಊರಿನವರಿಗೆ ಬ್ಯಾಸ್ಕೆಟ್‌ಬಾಲೇ ದೇವರು. 1954ರಲ್ಲಿ ಟೆಕ್ಸಾಸ್‌ಗೆ ಬಂದರು.

ಈಗ ಜಂಕ್ಷನ್‌ಗೆ ಬರೋಣ. ಆಗಿನ ಟೆಕ್ಸಾಸ್ ಎ ಆ್ಯಂಡ್ ಎಂ ಗಂಡು ಹುಡುಗರಷ್ಟೇ ಓದುತ್ತಿದ್ದ, ಮಿಲಿಟರಿ ಶಿಸ್ತಿನ ಕಾಲೇಜು. ಕ್ಯಾಂಪಸ್ಸಿನಲ್ಲಿ ಹಳೆಯ ವಿದ್ಯಾರ್ಥಿಗಳ, ಪತ್ರಿಕೆಯವರ ಕಣ್ಣು ತಪ್ಪಿಸಿ ತಂಡವನ್ನು ಸೋಸಬೇಕು ಎನ್ನುವುದು ಬ್ರಯಂಟ್ ಲೆಕ್ಕ. ಜಂಕ್ಷನ್‌ನಲ್ಲಿ ಕಾಲೇಜಿಗೆ ಸೇರಿದ ಜಾಗ ಇತ್ತು. ನಮ್ಮ ಸಿವಿಲ್ ಬ್ರಾಂಚಿನವರು ಸರ್ವೆ ಕ್ಯಾಂಪಿಗೆ ಹೋಗುತ್ತಾರಲ್ಲ, ಅಂಥ ಜಾಗ ಅಂದುಕೊಳ್ಳಿ. ಮಲಗಲು ತಗಡಿನ ಶೆಡ್ಡುಗಳು. ಆಡಲು ಕಲ್ಲು, ಮುಳ್ಳು ತುಂಬಿದ ನೆಲ. ಟೆಕ್ಸಾಸ್‌ನಲ್ಲಿ ಆಗ ವರ್ಷಗಟ್ಟಲೆ ಬರಗಾಲ. ಬಿಸಿಲು 38 ಡಿಗ್ರಿ ದಾಟುತ್ತಿತ್ತು. ಬೆಳಕು ಹರಿಯುವ ಮುಂಚೆಯೇ ಎಬ್ಬಿಸಿ ಪ್ರಾಕ್ಟೀಸ್, ಮಧ್ಯಾಹ್ನ ಮತ್ತೆ ಪ್ರಾಕ್ಟೀಸ್, ರಾತ್ರಿ ಮೀಟಿಂಗ್. ಮೈದಾನದಲ್ಲಿ ಇರುವಷ್ಟು ಹೊತ್ತು ಕುಡಿಯಲು ನೀರಿಲ್ಲ.

ನೀರು ಕೊಡದಿದ್ದದ್ದು ಬ್ರಯಂಟ್ ಒಬ್ಬರ ಕ್ರೌರ್ಯ ಅಂದುಕೊಳ್ಳಬೇಡಿ. ಆಟದ ಮಧ್ಯೆ ನೀರು ಕುಡಿದರೆ ಹುಡುಗರು ಮೆತ್ತಗಾಗುತ್ತಾರೆ ಎಂದು ಆ ಕಾಲದ ಬಹಳಷ್ಟು ಕೋಚ್‌ಗಳು ನಂಬಿದ್ದರು. ಥರ್ಮೋಡೈನಮಿಕ್ಸ್ ಒಂದು ಸೆಮಿಸ್ಟರ್ ಓದಿದವರಿಗೂ ಇದು ಎಂಥ ಅಪಾಯ ಅಂತ ತಿಳಿಯುತ್ತದೆ. ಒಂದು ಲೀಟರ್ ಬೆವರು ಆರಿದರೆ ದೇಹದಿಂದ ಸುಮಾರು 2,400 ಕಿಲೋಜೂಲ್ ಶಾಖ ಹೊರಹೋಗುತ್ತದೆ. ನಮ್ಮ ಮೈಯಲ್ಲಿರುವ ಕೂಲಿಂಗ್ ವ್ಯವಸ್ಥೆ ಅಂದರೆ ಅದೇ. ನೀರು ಹಾಕದೆ ರೇಡಿಯೇಟರ್ ಓಡಿಸಿದರೆ ಎಂಜಿನ್ ಗತಿ ಏನಾಗುತ್ತದೆ? ಮೇಲೆ ಹೆಲ್ಮೆಟ್, ಪ್ಯಾಡ್ ಬೇರೆ. ಬೆವರು ಆರುವುದಕ್ಕೂ ಜಾಗವಿಲ್ಲ. ಕ್ಯಾಂಪಿನಲ್ಲಿ ಒಬ್ಬ ಆಟಗಾರ ಹೀಟ್ ಸ್ಟ್ರೋಕ್ ಆಗಿ ಮೈದಾನದಲ್ಲೇ ಕುಸಿದುಬಿದ್ದ. ಬದುಕಿದ್ದು ಅದೃಷ್ಟ. ಒಬ್ಬ ಸತ್ತಿದ್ದರೆ ಇವತ್ತು ಬ್ರಯಂಟ್ ಹೆಸರನ್ನು ಜನ ಬೇರೆ ಥರ ಹೇಳುತ್ತಿದ್ದರು ಅಂತ ನನಗೆ ಅನಿಸುತ್ತದೆ.

ರಾತ್ರಿಯಾದ ಮೇಲೆ ಹುಡುಗರು ಒಬ್ಬೊಬ್ಬರಾಗಿ, ಇಬ್ಬಿಬ್ಬರಾಗಿ ಹೊರಡುತ್ತಿದ್ದರು. ಕೆಲವರು ಬಸ್ ಹಿಡಿದರು, ಕೆಲವರು ದಾರಿಯಲ್ಲಿ ಹೋಗುವ ಗಾಡಿಗೆ ಕೈ ಅಡ್ಡ ಹಿಡಿದರು. ಬೆಳಗ್ಗೆ ನೋಡಿದರೆ ಹಾಸಿಗೆ ಖಾಲಿ. ಪ್ರತಿದಿನ ತಂಡದ ಪಟ್ಟಿ ಬದಲಾಗುತ್ತಿತ್ತು. ನಿನ್ನೆ ಮೂರನೇ ಸಾಲಿನಲ್ಲಿ ಇದ್ದವನು ಇವತ್ತು ಮೊದಲ ಹನ್ನೊಂದರಲ್ಲಿ.

ಉಳಿದವರನ್ನು ಜಂಕ್ಷನ್ ಬಾಯ್ಸ್ ಅಂತ ಕರೆದರು. ಅವರ ಮೇಲೆ ಪುಸ್ತಕ ಬಂತು, ಸಿನಿಮಾ ಬಂತು. ಹೋದವರ ಮೇಲೆ ಏನೂ ಬರಲಿಲ್ಲ. ನನ್ನ ತಕರಾರು ಇಲ್ಲೇ ಇರುವುದು. ನಾನು ಕಾಲೇಜು ತಂಡದಲ್ಲಿ (ನಮ್ಮ ಥರದ ಫುಟ್‌ಬಾಲ್) ಡಿಫೆಂಡರ್. ನಮ್ಮಲ್ಲೂ ಇಂಟರ್ ಕಾಲೇಜ್ ಟೂರ್ನಿಗೆ ಮುಂಚೆ ಸೆಲೆಕ್ಷನ್ ಇರುತ್ತದೆ, ಓಡಿಸಿ ಓಡಿಸಿ ಸುಸ್ತು ಮಾಡುತ್ತಾರೆ. ನಮ್ಮ ಹಾಸ್ಟೆಲ್‌ನ ಒಬ್ಬ ಮೂರನೇ ದಿನಕ್ಕೆ ಬಿಟ್ಟ. ಅವನಿಗೆ ಮಂಡಿ ನೋವಿತ್ತು. ಚೆಂಡು ಅವನ ಕಾಲಿಗೆ ಸಿಕ್ಕರೆ ಕಸಿಯುವುದು ಕಷ್ಟ ಅಂತ ಎಲ್ಲರಿಗೂ ಗೊತ್ತಿತ್ತು. ಆದರೂ ಅವನ ಹೆಸರಿನ ಜೊತೆ ಪುಕ್ಕಲ ಎನ್ನುವ ಪದ ಅಂಟಿಕೊಂಡಿತು. ಯಾರಿಗೆ ಆಟ ಬರುತ್ತದೆ ಎನ್ನುವುದು ಒಂದು ಪರೀಕ್ಷೆ, ಯಾರು ಹೆಚ್ಚು ನೋವು ತಡೆಯುತ್ತಾರೆ ಎನ್ನುವುದು ಇನ್ನೊಂದು. ಎರಡಕ್ಕೂ ಒಂದೇ ಮಾರ್ಕ್ಸ್ ಕಾರ್ಡ್ ಆಗಬಾರದು.

ಜಂಕ್ಷನ್ ಮುಗಿಸಿ ಬಂದ ತಂಡ ಆ ಸೀಸನ್‌ನಲ್ಲಿ ಹತ್ತು ಮ್ಯಾಚ್ ಆಡಿ ಒಂದನ್ನಷ್ಟೇ ಗೆದ್ದಿತು. ಒಂಬತ್ತು ಸೋಲು. ಬ್ರಯಂಟ್ ಅವರ 38 ವರ್ಷದ ಕೋಚಿಂಗ್‌ನಲ್ಲಿ ಗೆಲುವಿಗಿಂತ ಸೋಲು ಹೆಚ್ಚಾದ ಸೀಸನ್ ಇದೊಂದೇ. ಎರಡು ವರ್ಷದ ನಂತರ, 1956ರಲ್ಲಿ ಅದೇ ಕಾಲೇಜು ಒಂದೂ ಸೋಲದೆ ತನ್ನ ಕಾನ್ಫರೆನ್ಸ್ ಗೆದ್ದದ್ದು ನಿಜ. ಸಿನಿಮಾದಂಥ ಕಥೆಗಳು ಇದಕ್ಕೆ ಜಂಕ್ಷನ್ನೇ ಕಾರಣ ಎನ್ನುತ್ತವೆ. ಆದರೆ ಆ ತಂಡದ ದೊಡ್ಡ ತಾರೆ, 1957ರಲ್ಲಿ ಹೈಸ್‌ಮನ್ ಟ್ರೋಫಿ ಪಡೆದ ಜಾನ್ ಡೇವಿಡ್ ಕ್ರೋ, ಜಂಕ್ಷನ್‌ಗೆ ಹೋದವನೇ ಅಲ್ಲ. 1954ರಲ್ಲಿ ಅವನು ಮೊದಲ ವರ್ಷದ ವಿದ್ಯಾರ್ಥಿ, ಮೊದಲ ವರ್ಷದವರಿಗೆ ಆಗ ಮುಖ್ಯ ತಂಡದಲ್ಲಿ ಜಾಗ ಇರಲಿಲ್ಲ. ಇನ್ನೂ ಒಂದು ವಿಷಯ: ಆಟಗಾರರನ್ನು ಸೆಳೆಯುವಾಗ ನಿಯಮ ಮುರಿದದ್ದಕ್ಕೆ ಕಾಲೇಜಿಗೆ ಶಿಕ್ಷೆ ಆಗಿತ್ತು. ಕಾನ್ಫರೆನ್ಸ್ ಗೆದ್ದರೂ 1956ರ ತಂಡಕ್ಕೆ ವರ್ಷದ ಕೊನೆಯ ಬೌಲ್ ಮ್ಯಾಚ್ ಆಡಲು ಬಿಡಲಿಲ್ಲ.

1958ರಲ್ಲಿ ಬ್ರಯಂಟ್ ತಾವು ಓದಿದ ಅಲಬಾಮಾಕ್ಕೆ ವಾಪಸ್ ಬಂದರು. ಹಿಂದಿನ ಮೂರು ವರ್ಷದಲ್ಲಿ ಆ ತಂಡ ಗೆದ್ದದ್ದು ನಾಲ್ಕೇ ಮ್ಯಾಚ್. ನಾಲ್ಕನೇ ಸೀಸನ್‌ಗೆ, 1961ರಲ್ಲಿ, ರಾಷ್ಟ್ರೀಯ ಚಾಂಪಿಯನ್. ಮೈದಾನದ ಮಧ್ಯೆ ಒಂದು ಎತ್ತರದ ಗೋಪುರ ಕಟ್ಟಿಸಿ, ಅದರ ಮೇಲೆ ನಿಂತು ಪ್ರಾಕ್ಟೀಸ್ ನೋಡುತ್ತಿದ್ದರು. ಅವರು ಗೋಪುರದ ಮೆಟ್ಟಿಲು ಇಳಿದರೆ ಯಾರಿಗೋ ಕಾದಿದೆ ಅಂತ ಅರ್ಥ. ಸ್ಟಾರ್ ಆದರೂ ವಿನಾಯಿತಿ ಇಲ್ಲ. 1963ರಲ್ಲಿ ತಂಡದ ಕ್ವಾರ್ಟರ್‌ಬ್ಯಾಕ್ ಜೋ ನೇಮತ್ ಕುಡಿದ ವಿಷಯ ಗೊತ್ತಾದಾಗ ಸೀಸನ್ನಿನ ಕೊನೆಯ ಎರಡು ಮ್ಯಾಚಿಗೆ ಹೊರಗಿಟ್ಟರು. ಅದರಲ್ಲಿ ಒಂದು ಶುಗರ್ ಬೌಲ್. ನೇಮತ್ ಮುಂದಿನ ವರ್ಷ ವಾಪಸ್ ಬಂದ, 1964ರಲ್ಲಿ ಮತ್ತೆ ಚಾಂಪಿಯನ್. ಹೊರಗಿಡುವುದಕ್ಕೂ ಬಾಗಿಲು ಮುಚ್ಚುವುದಕ್ಕೂ ಇರುವ ವ್ಯತ್ಯಾಸ ಬ್ರಯಂಟ್ ಅಷ್ಟು ಹೊತ್ತಿಗೆ ಕಲಿತಿದ್ದರು.

ಆದರೆ ಒಂದು ಬಾಗಿಲು ಮುಚ್ಚೇ ಇತ್ತು. ಅಲಬಾಮಾ ತಂಡದಲ್ಲಿ ಒಬ್ಬನೂ ಕಪ್ಪು ವರ್ಣೀಯ ಆಟಗಾರ ಇರಲಿಲ್ಲ. 1967ರಲ್ಲಿ ಐವರು ಕಪ್ಪು ವಿದ್ಯಾರ್ಥಿಗಳು ಸ್ಕಾಲರ್‌ಶಿಪ್ ಇಲ್ಲದೆಯೇ ಪ್ರಾಕ್ಟೀಸ್‌ಗೆ ಬಂದರು. ಮ್ಯಾಚ್ ಆಡುವವರೆಗೆ ಯಾರೂ ಮುಟ್ಟಲಿಲ್ಲ. 1969ರಲ್ಲಿ ಕಪ್ಪು ವಿದ್ಯಾರ್ಥಿಗಳ ಸಂಘ ಕೋರ್ಟಿಗೇ ಹೋಯಿತು. ಅದೇ ವರ್ಷದ ಕೊನೆಗೆ ವಿಲ್ಬರ್ ಜಾಕ್ಸನ್ ಎಂಬ ಹುಡುಗನಿಗೆ ಸ್ಕಾಲರ್‌ಶಿಪ್ ಸಿಕ್ಕಿತು. ಅಷ್ಟು ದೊಡ್ಡ ಹೆಸರಿನ ಮನುಷ್ಯ ಇದನ್ನು ಇನ್ನೂ ಮೊದಲೇ ಮಾಡಬಹುದಿತ್ತು. ರಾಜ್ಯದ ರಾಜಕೀಯ ಹಾಗಿತ್ತು ಎನ್ನುವ ಸಮಜಾಯಿಷಿ ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. 1970ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಯುಎಸ್‌ಸಿ ತಂಡ ಬರ್ಮಿಂಗ್‌ಹ್ಯಾಮ್‌ಗೆ ಬಂದು 42–21ರಿಂದ ಬಾರಿಸಿತು. ಆ ತಂಡದ ಕಪ್ಪು ಆಟಗಾರ ಸ್ಯಾಮ್ ಕನಿಂಗ್‌ಹ್ಯಾಮ್ 135 ಗಜ ಓಡಿದ.

ಎರಡು ಸೀಸನ್ ಸತತವಾಗಿ ಆರಾರೇ ಗೆಲುವು. ಬ್ರಯಂಟ್ ಕಾಲ ಮುಗಿಯಿತು ಅಂತ ಜನ ಮಾತಾಡಿಕೊಂಡರು. ಆಗ ಬಂತು ನನಗೆ ಜಂಕ್ಷನ್‌ಗಿಂತ ಹೆಚ್ಚು ಇಷ್ಟವಾದ ಪ್ರಿ-ಸೀಸನ್, 1971ರದ್ದು. 57 ವರ್ಷದ ಬ್ರಯಂಟ್, ಟೆಕ್ಸಾಸ್ ವಿಶ್ವವಿದ್ಯಾಲಯದ ಕೋಚ್ ಡ್ಯಾರೆಲ್ ರಾಯಲ್ ಹತ್ತಿರ ಹೋಗಿ ವಿದ್ಯಾರ್ಥಿಯ ಹಾಗೆ ವಿಶ್‌ಬೋನ್ ಎಂಬ ಆಟದ ವಿಧಾನ ಕಲಿತರು. ಕ್ವಾರ್ಟರ್‌ಬ್ಯಾಕ್ ಹಿಂದೆ ಮೂವರು ಓಟಗಾರರು ವೈ ಅಕ್ಷರದ ಆಕಾರದಲ್ಲಿ ನಿಲ್ಲುತ್ತಾರೆ. ಚೆಂಡನ್ನು ಮಧ್ಯದವನಿಗೆ ಕೊಡುವುದೋ, ತಾನೇ ಓಡುವುದೋ, ಪಕ್ಕದವನಿಗೆ ಎಸೆಯುವುದೋ ಎನ್ನುವುದನ್ನು ಎದುರಾಳಿಯ ಚಲನೆ ನೋಡಿ ಆ ಕ್ಷಣದಲ್ಲಿ ತೀರ್ಮಾನಿಸಬೇಕು. ಕೋಡಿಂಗ್ ಬರುವವರಿಗೆ ಹೇಳಬೇಕೆಂದರೆ ಓಡುತ್ತಲೇ ಇರುವ ಇಫ್-ಎಲ್ಸ್. ಇದಕ್ಕಾಗಿ ಇಡೀ ತಂಡದ ಕೆಲಸಗಳು ಬದಲಾದವು. ಪಾಸ್ ಹಿಡಿದು ಹೆಸರು ಮಾಡಿದ್ದವರು ಈಗ ಹೆಚ್ಚಾಗಿ ಎದುರಾಳಿಯನ್ನು ತಡೆಯುವವರಾದರು. ಓಡಬಲ್ಲ ಟೆರ್ರಿ ಡೇವಿಸ್ ಕ್ವಾರ್ಟರ್‌ಬ್ಯಾಕ್ ಆದ. ಎಲ್ಲವೂ ಗುಟ್ಟು. ಪತ್ರಿಕೆಯವರು ಬಂದರೆ ಹಳೆಯ ಆಟವನ್ನೇ ಆಡಿ ತೋರಿಸುತ್ತಿದ್ದರು. ಸೆಪ್ಟೆಂಬರ್ 10ರಂದು ಲಾಸ್ ಏಂಜಲೀಸ್‌ನಲ್ಲಿ ಅದೇ ಯುಎಸ್‌ಸಿ ವಿರುದ್ಧ 17–10 ಗೆಲುವು. ಆ ರಾತ್ರಿ ಜಾನ್ ಮಿಚೆಲ್, ಅಲಬಾಮಾ ಮುಖ್ಯ ತಂಡದಲ್ಲಿ ಆಡಿದ ಮೊದಲ ಕಪ್ಪು ಆಟಗಾರನಾಗಿ ಮೈದಾನಕ್ಕೆ ಇಳಿದ. ಎರಡು ವರ್ಷ ಕಳೆದು ಅದೇ ತಂಡದ ಸಹಾಯಕ ಕೋಚ್ ಆದ. ಎಪ್ಪತ್ತರ ದಶಕದಲ್ಲಿ ಅಲಬಾಮಾ 103 ಮ್ಯಾಚ್ ಗೆದ್ದಿತು.

ಜಂಕ್ಷನ್‌ನ ಕೆಲಸವನ್ನು ತಾವು ಮತ್ತೆ ಹಾಗೆ ಮಾಡುವುದಿಲ್ಲ ಅಂತ ಬ್ರಯಂಟ್ 1974ರ ಆತ್ಮಕಥೆಯಲ್ಲಿ ಬರೆದಿದ್ದಾರೆ. ಆಟಗಾರರಿಗೆ ವಿಶ್ರಾಂತಿ ಕೊಡುವುದು, ನೀರು ಕೊಡುವುದು, ಬೇರೆ ರೀತಿಯಲ್ಲಿ ಮುನ್ನಡೆಸುವುದು ಆಗ ತಿಳಿದಿರಲಿಲ್ಲ ಎನ್ನುವುದು ಅವರ ಮಾತಿನ ಸಾರ. ಆ ಹುಡುಗರಲ್ಲಿ ತಾವೂ ಒಬ್ಬರಾಗಿದ್ದರೆ ಬಹುಶಃ ಬಿಟ್ಟು ಹೋಗುತ್ತಿದ್ದೆ ಎಂಬಂಥ ಮಾತೂ ಅಲ್ಲಿದೆ. 1979ರಲ್ಲಿ ಜಂಕ್ಷನ್‌ನಲ್ಲಿ ಉಳಿದಿದ್ದವರು ಮತ್ತೆ ಅಲ್ಲಿ ಸೇರಿ ಅವರನ್ನು ಕರೆಸಿದರು, ಒಂದು ಉಂಗುರ ಕೊಟ್ಟರು. ರಾತ್ರಿ ಹೊರಟುಹೋದವರಿಗೆ ಆ ಬರಹ ತಲುಪಿತೋ ಇಲ್ಲವೋ ಎಂಬ ಯೋಚನೆ ನನಗೆ ಆಗಾಗ ಬರುತ್ತದೆ.

1982ರ ಡಿಸೆಂಬರ್ 29ರಂದು ಕೊನೆಯ ಮ್ಯಾಚ್ ಗೆದ್ದು ನಿವೃತ್ತರಾದರು. ಒಟ್ಟು 323 ಗೆಲುವು, ಆರು ರಾಷ್ಟ್ರೀಯ ಪ್ರಶಸ್ತಿ. ನಾಲ್ಕೇ ವಾರ ಕಳೆದು, 1983ರ ಜನವರಿ 26ರಂದು ಹೃದಯಾಘಾತದಿಂದ ತೀರಿಕೊಂಡರು. ಟಸ್ಕಲೂಸಾದಿಂದ ಬರ್ಮಿಂಗ್‌ಹ್ಯಾಮ್‌ವರೆಗೆ ಹೆದ್ದಾರಿಯ ಬದಿಯಲ್ಲಿ, ಸೇತುವೆಗಳ ಮೇಲೆ ಜನ ನಿಂತಿದ್ದರು. ಶವಪೆಟ್ಟಿಗೆ ಹೊತ್ತವರು ಅವರ ಕೊನೆಯ ತಂಡದ ಎಂಟು ಆಟಗಾರರು, ಬಿಳಿಯರೂ ಕಪ್ಪು ಹುಡುಗರೂ ಒಟ್ಟಿಗೆ.