ಯೇಸುವಿನ ಹೆಜ್ಜೆಯಲ್ಲಿ ನಡೆದ ದಾಸ: ಸಂತ ಜೋಸೆಫ್ ವಾಜ್

ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಕೋಟೆಬೆಟ್ಟವನ್ನು ಕಂಡವರಿಗೆ ಕೆಳದಿ ಅರಸರ ನೆನಪಾಗದಿರದು. ಹದಿನೇಳನೆಯ ಶತಮಾನದಲ್ಲಿ ಈ ಗುತ್ತಿಯ ಸೀಮೆಯೂ ಘಟ್ಟದ ಕೆಳಗಿನ ಬಸರೂರು, ಮಂಗಳೂರುಗಳೂ ಒಂದೇ ಕೆಳದಿ ಸಂಸ್ಥಾನಕ್ಕೆ ಸೇರಿದ್ದವು. ರಾಣಿ ಚೆನ್ನಮ್ಮಾಜಿ ಆಳುತ್ತಿದ್ದ ಆ ದಿನಗಳಲ್ಲಿ, 1681ರಲ್ಲಿ, ಗೋವೆಯಿಂದ ಯುವ ಗುರುವೊಬ್ಬರು ಕನ್ನಡ ಕರಾವಳಿಗೆ ಬಂದರು. ಅವರೇ ಇಂದು ಶ್ರೀಲಂಕೆಯ ಪ್ರೇಷಿತರೆಂದು ಪ್ರಖ್ಯಾತರಾದ ಸಂತ ಜೋಸೆಫ್ ವಾಜ್.

1651ರ ಏಪ್ರಿಲ್ 21ರಂದು ಗೋವೆಯ ಬಾಣಾವಲಿಯಲ್ಲಿ ಜನಿಸಿದ ಜೋಸೆಫರು 1676ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷವೇ ತಮ್ಮನ್ನು ಮಾತೆ ಮರಿಯಮ್ಮನವರ ದಾಸನೆಂದು ಬರೆದು ಅರ್ಪಿಸಿಕೊಂಡರು. ಪ್ರಭು ಯೇಸು ದಾಸನ ರೂಪ ತಾಳಿ ಶಿಷ್ಯರ ಪಾದ ತೊಳೆದವರಲ್ಲವೆ? ಆ ಗುರುವಿನ ಶಿಷ್ಯನಿಗೆ ದಾಸ್ಯಕ್ಕಿಂತ ದೊಡ್ಡ ಬಿರುದು ಬೇರೆಯಿಲ್ಲವೆಂಬುದು ಅವರ ದೃಢ ನಿಲುವಾಗಿತ್ತು.

ಕೆನರಾ ಪ್ರಾಂತದಲ್ಲಿ ಅವರನ್ನು ಎದುರುಗೊಂಡದ್ದು ಶಾಂತಿಯಲ್ಲ, ಕಲಹ. ಇಲ್ಲಿಯ ಧರ್ಮಸಭೆಯ ಅಧಿಕಾರ ಪೋರ್ಚುಗೀಸ್ ಆಶ್ರಯದ ಗೋವೆಗೆ ಸೇರಿದ್ದೋ, ಜಗದ್ಗುರುಗಳು ನೇಮಿಸಿದ್ದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರಿಗೋ ಎಂಬ ವಿವಾದ ಭಕ್ತರನ್ನು ಒಡೆದಿತ್ತು. ಗೋವೆಯ ಪ್ರತಿನಿಧಿಯಾಗಿ ಬಂದಿದ್ದರೂ ವಾಜರು ಕಿಚ್ಚಿಗೆ ತುಪ್ಪ ಸುರಿಯಲಿಲ್ಲ. ಸಂಧಾನಕ್ಕೆ ಶ್ರಮಿಸಿದರು. ಹೊನ್ನಾವರ, ಗಂಗೊಳ್ಳಿ, ಕುಂದಾಪುರ, ಬಸರೂರುಗಳಲ್ಲಿ ಸುತ್ತಿ ಜನರನ್ನು ಸಂಸ್ಕಾರಗಳತ್ತ ಮರಳಿ ಕರೆತಂದರು. ಮಂಗಳೂರಿನ ಬಳಿಯ ಮುಡಿಪುವಿನಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರವಿದೆ.

1684ರಲ್ಲಿ ಗೋವೆಗೆ ಮರಳಿದ ಅವರು ಮರುವರ್ಷ ಗುರುಗಳ ಒಂದು ಸಮುದಾಯಕ್ಕೆ ಸೇರಿ ಅದರ ಮುಖ್ಯಸ್ಥರಾದರು. ಗೌರವದ ಸ್ಥಾನವೇನೋ ದೊರೆತಿತ್ತು. ಆದರೆ ಮನಸ್ಸು ಸಿಂಹಳದತ್ತ ಹರಿಯುತ್ತಿತ್ತು. 1658ರಲ್ಲಿ ಡಚ್ಚರು ಯಾಳ್ಪಾಣವನ್ನು ಗೆದ್ದ ಬಳಿಕ ಅಲ್ಲಿ ಕಥೋಲಿಕ ಗುರುಗಳಿಗೆ ಪ್ರವೇಶವಿರಲಿಲ್ಲ. ಕುರುಬನಿಲ್ಲದ ಮಂದೆಯನ್ನು ನೆನೆದು ವಾಜರು ಸ್ಥಾನವನ್ನು ಬಿಟ್ಟರು. 1686ರಲ್ಲಿ ಹೊರಟು, ಜಾನ್ ಎಂಬ ಸೇವಕನೊಡನೆ, 1687ರಲ್ಲಿ ಯಾಳ್ಪಾಣ ಸೇರಿದರು.

ಅವರು ಅಲ್ಲಿ ಕಾಲಿಟ್ಟದ್ದು ಗುರುವಿನ ನಿಲುವಂಗಿಯಲ್ಲಿ ಅಲ್ಲ, ಭಿಕ್ಷುಕನ ಹರಕು ಬಟ್ಟೆಯಲ್ಲಿ. ಕಥೋಲಿಕರು ಗುರುತಿಸಲೆಂದು ಕೊರಳಲ್ಲಿ ಜಪಸರ ಧರಿಸಿ ಮನೆಮನೆಗೂ ಭಿಕ್ಷೆಗೆ ಹೋದರು. ಹೀಗೆ ಗುಟ್ಟಾಗಿ ಬಲಿಪೂಜೆ, ಪಾಪನಿವೇದನೆಗಳು ಮರಳಿ ಆರಂಭವಾದವು. ಡಚ್ಚರ ಶೋಧ ಬಿಗಿಯಾದಾಗ ಪುತ್ತಳಂ ಕಡೆಗೆ ಸರಿದು, 1692ರಲ್ಲಿ ಕ್ಯಾಂಡಿ ರಾಜ್ಯವನ್ನು ಪ್ರವೇಶಿಸಿದರು. ಪೋರ್ಚುಗೀಸರ ಗೂಢಚಾರನೆಂಬ ದೂರಿನಿಂದ ಅಲ್ಲಿ ಸೆರೆಯಾದರು. ಸೆರೆಯಲ್ಲೇ ಸಿಂಹಳ ಭಾಷೆ ಕಲಿತರು. ಅವರ ಸರಳ ನಡತೆಯನ್ನು ಕಂಡ ಬೌದ್ಧ ಅರಸ ಎರಡನೆಯ ವಿಮಲಧರ್ಮಸೂರ್ಯನು ಬರಬರುತ್ತ ಅವರಿಗೆ ಸ್ವಾತಂತ್ರ್ಯವನ್ನೂ ರಕ್ಷಣೆಯನ್ನೂ ಕೊಟ್ಟನು.

1697ರಲ್ಲಿ ಕ್ಯಾಂಡಿಗೆ ಸಿಡುಬು ಬಡಿಯಿತು. ಜನ ತಮ್ಮವರನ್ನೇ ಕಾಡಿನಲ್ಲಿ ತೊರೆದು ಓಡಿದರು. ವಾಜರು ಮತ್ತು ಗುರು ಜೋಸೆಫ್ ಕರ್ವಾಲೊ ರೋಗಿಗಳನ್ನು ಉಣಿಸಿ, ತೊಳೆದು, ಸತ್ತವರನ್ನು ಹೂಳಿದರು. ರೋಗಿ ಕ್ರೈಸ್ತನೋ ಬೌದ್ಧನೋ ಎಂಬ ಭೇದ ಅವರಿಗಿರಲಿಲ್ಲ. ಹೀಗೆ ಸುಮಾರು 24 ವರ್ಷ ಆ ದ್ವೀಪದಲ್ಲೇ ದುಡಿದು, ಗೋವೆಗೆ ಮತ್ತೆಂದೂ ಮರಳದೆ, 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಪ್ರಭುವಿನಲ್ಲಿ ನಿದ್ರೆಹೋದರು. ಜಗದ್ಗುರು ಎರಡನೆಯ ಜಾನ್ ಪೌಲರು 1995ರಲ್ಲಿ ಅವರನ್ನು ಧನ್ಯರೆಂದೂ, ಜಗದ್ಗುರು ಫ್ರಾನ್ಸಿಸರು 2015ರ ಜನವರಿ 14ರಂದು ಸಂತರೆಂದೂ ಕೊಲಂಬೊದಲ್ಲಿ ಸಾರಿದರು.

ಪ್ರಿಯ ಓದುಗರೇ, ಶಿಷ್ಯತ್ವವೆಂದರೆ ಯೇಸುವನ್ನು ಬಾಯಲ್ಲಿ ಕೊಂಡಾಡುವುದಷ್ಟೇ ಅಲ್ಲ, ಅವರ ಹಿಂದೆ ನಡೆಯುವುದು. ವಾಜರು ಮೂರು ಬಾರಿ ಇಳಿದರು: ಕಲಹದಲ್ಲಿ ಹಟದಿಂದ, ಗೋವೆಯಲ್ಲಿ ಸ್ಥಾನದಿಂದ, ಯಾಳ್ಪಾಣದಲ್ಲಿ ಮಾನದಿಂದ. ಇಳಿದಷ್ಟೂ ಪ್ರಭುವಿಗೆ ಸಮೀಪವಾದರು. ನಮ್ಮ ಧರ್ಮಕೇಂದ್ರಗಳಲ್ಲಿ ಸಂಘದ ಪದವಿಗಾಗಿ, ಹಬ್ಬದ ಮುಂದಾಳ್ತನಕ್ಕಾಗಿ ಮನಸ್ಸುಗಳು ಮುರಿಯುವುದುಂಟು. ಒಂದೇ ಮನೆಯ ಅಣ್ಣತಮ್ಮಂದಿರು ತೋಟದ ಬೇಲಿಗಾಗಿ ಮಾತು ಬಿಟ್ಟು ಒಂದೇ ಪರಮಪ್ರಸಾದ ಸ್ವೀಕರಿಸುವುದೂ ಉಂಟು. ಇಂದು ಸಂಜೆ ಜಪಸರ ಕೈಗೆತ್ತಿಕೊಳ್ಳುವಾಗ ಒಂದು ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳೋಣ: ಯೇಸುವಿಗಾಗಿ ನಾನು ಇಳಿಯಬೇಕಾದ ಮೆಟ್ಟಿಲು ಯಾವುದು?