ಶಕುಂತಲಾದೇವಿ ಬರೆದ ಇನ್ನೊಂದು ಪುಸ್ತಕ

ಸರ್ಕಸ್‌ನಲ್ಲಿ ದುಡಿಯುತ್ತಿದ್ದ ತಂದೆಯ ಮಗಳಾಗಿ 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾದೇವಿ, ಆರನೇ ವಯಸ್ಸಿಗೇ ನಮ್ಮ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಗಣಿತ ಪ್ರದರ್ಶನ ಕೊಟ್ಟವರು. 1980ರಲ್ಲಿ ಲಂಡನ್ನಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿದ್ದು ಎಲ್ಲರಿಗೂ ಗೊತ್ತು. ಕಂಪ್ಯೂಟರಿನಿಂದಲೇ ಅನ್ನ ಕಾಣುವ ನನಗೆ ಅದಕ್ಕಿಂತ ದೊಡ್ಡದೆನಿಸುವುದು 1977ರ ಅವರ ‘ದಿ ವರ್ಲ್ಡ್ ಆಫ್ ಹೋಮೋಸೆಕ್ಷುಯಲ್ಸ್’ ಪುಸ್ತಕ. ಗಂಡನ್ನು ಪ್ರೀತಿಸುವ ಗಂಡು, ಹೆಣ್ಣನ್ನು ಪ್ರೀತಿಸುವ ಹೆಣ್ಣು ಅಪರಾಧಿಗಳಲ್ಲ, ಅವರನ್ನು ಬರೀ ಸಹಿಸಿಕೊಂಡರೆ ಸಾಲದು, ಪೂರ್ತಿ ಒಪ್ಪಿಕೊಳ್ಳಬೇಕು ಎಂದು ಆ ಕಾಲದಲ್ಲೇ ವಾದಿಸಿದರು. ಪುಸ್ತಕವನ್ನು ಹೆಚ್ಚು ಜನ ಗಮನಿಸಲಿಲ್ಲ. ಸುಪ್ರೀಂ ಕೋರ್ಟು ಅದು ಅಪರಾಧವಲ್ಲವೆಂದದ್ದು 2018ರಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು ಐದು ವರ್ಷವಾಗಿತ್ತು. ನಂಜನಗೂಡು, ತಿ. ನರಸೀಪುರದ ಕಡೆಯೂ ಅಂಥ ಮಕ್ಕಳಿದ್ದಾರೆ, ಯಾರಿಗೂ ಹೇಳಿಕೊಳ್ಳುವುದಿಲ್ಲ ಅಷ್ಟೇ. ಪ್ರತಿ ಸಿಕ್ಕರೆ ನಮ್ಮ ಶಾಲೆಯ ಲೈಬ್ರರಿಗೆ ಕೊಡುವ ಆಸೆಯಿದೆ.