ತಣ್ಣೀರಿನ ಪಾದ್ರಿ
ಜರ್ಮನಿಯ ಬಡ ನೇಕಾರನ ಮಗ ಸೆಬಾಸ್ಟಿಯನ್ ಕ್ನೈಪ್ ಹುಟ್ಟಿದ್ದು 1821ರಲ್ಲಿ. ಗುರುವಾಗಲು ಓದುತ್ತಿದ್ದಾಗಲೇ ಕ್ಷಯ ಹಿಡಿಯಿತು. ಆಗ ಅದಕ್ಕೆ ಮದ್ದಿರಲಿಲ್ಲ. ಜಲಚಿಕಿತ್ಸೆಯ ಹಳೆಯ ಪುಸ್ತಕವೊಂದನ್ನು ನಂಬಿ, 1849ರ ಚಳಿಗಾಲದಲ್ಲಿ ಡ್ಯಾನ್ಯೂಬ್ ನದಿಗೆ ಓಡಿ, ಕೊರೆಯುವ ನೀರಿನಲ್ಲಿ ಕ್ಷಣ ಮುಳುಗಿ, ಮತ್ತೆ ಓಡುತ್ತ ಮರಳುತ್ತಿದ್ದರು. ಚೇತರಿಸಿಕೊಂಡು 1852ರಲ್ಲಿ ಗುರುದೀಕ್ಷೆ ಪಡೆದರು. (ಈಗ ಕ್ಷಯಕ್ಕೆ ಒಳ್ಳೆಯ ಮಾತ್ರೆಗಳಿವೆ, ಅವನ್ನು ಬಿಟ್ಟು ಯಾರೂ ನಮ್ಮ ವರದಾ ನದಿಗೆ ಇಳಿಯಬೇಡಿ!)

ಬಡರೋಗಿಗಳಿಗೆ ಮೊಣಕಾಲಿಗೆ ನೀರೆರೆಯುವುದು, ಒದ್ದೆಬಟ್ಟೆ ಸುತ್ತುವುದು, ಇಬ್ಬನಿ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆಸುವುದು ಅವರ ಉಪಚಾರ. ಶಿಗ್ಗಾಂವದ ರೈತನಿಗೆ ಈ ನಡಿಗೆ ಹೊಸತೇನಲ್ಲ. ಔಷಧ ಮಾರುವವರು ಸಿಟ್ಟಾಗಿ ದೂರು ಕೊಟ್ಟರೂ ಫಾದರ್ ಬಿಡಲಿಲ್ಲ. 1886ರಲ್ಲಿ ತಮ್ಮ ಜಲಚಿಕಿತ್ಸೆಯನ್ನು ಪುಸ್ತಕ ಮಾಡಿದರು. 1894ರಲ್ಲಿ ಪೋಪ್ ಹದಿಮೂರನೆಯ ಲಿಯೋ ಅವರಿಗೂ ಉಪಚಾರ ಮಾಡಿದರು. 1897ರ ಜೂನ್ 17ರಂದು, ತಾವು ವಿಚಾರಣಾ ಗುರುವಾಗಿದ್ದ ವೊರಿಸ್‌ಹೋಫೆನ್ ಊರಿನಲ್ಲೇ ತೀರಿಕೊಂಡರು.